ಸುಭದ್ರೆಯಾಗಿದ್ದ ಗುರು: ಸವಾಯಿ ಗಂಧರ್ವರ ವೇಷ ಮತ್ತು ಬದುಕು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ನಾಟಕವೂ ಬಂತು. ಇಂದು ಅಲ್ಲಿನ ರಂಗದ ಮೇಲೆ ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಕರೆಸುವುದು ರೂಢಿ. ಆದರೆ ಬಯಲಾಟದ ಕಾಲದಲ್ಲಿ ದ್ರೌಪದಿಯೂ ಊರಿನವನೇ, ತಾರಾಮತಿಯೂ ಊರಿನವನೇ. ಹಗಲೆಲ್ಲ ಹೊಲದಲ್ಲಿ ದುಡಿದ ಯುವಕ ರಾತ್ರಿ ಮೀಸೆ ಬೋಳಿಸಿ, ಸೀರೆಯುಟ್ಟು, ಕುಂಕುಮವಿಟ್ಟು ಬೆಳಕಿಗೆ ಬಂದಾಗ ಜನ ಕಣ್ಣೀರು ಹಾಕುತ್ತಿದ್ದರು. ಮರುದಿನ ಅದೇ ಜನ ಅವನನ್ನು ಪಾತ್ರದ ಹೆಸರಿನಿಂದ ಕರೆದು ನಗುತ್ತಿದ್ದುದೂ ಉಂಟು. ರಾತ್ರಿಯ ಕಣ್ಣೀರು ಮತ್ತು ಬೆಳಗಿನ ನಗೆ, ಎರಡೂ ಒಬ್ಬನೇ ಮನುಷ್ಯನಿಗೆ ಸಂದವು.

ಈ ಸೀಮೆ ಮರಾಠಿ ನಾಡಿಗೆ ಅಂಟಿಕೊಂಡದ್ದು. ಆಳಂದದ ಗಡಿಯಾಚೆ ಅಕ್ಕಲಕೋಟೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರ್ಜಾ ನದಿಗಳು ಸೇರುವಲ್ಲಿ, ದತ್ತಭಕ್ತರ ಬಾಯಲ್ಲಿ ಕನ್ನಡ, ಮರಾಠಿ ಎರಡೂ ಕೇಳಿಬರುತ್ತವೆ. ಗಡಿನಾಡಿನ ಈ ಎರಡು ಭಾಷೆಗಳ ರಂಗಭೂಮಿಗಳೂ ಕೊಡುಕೊಳೆಯಲ್ಲಿಯೇ ಬೆಳೆದವು. ಹೆಣ್ಣಿನ ವೇಷದಿಂದ ಹೆಸರು ಗಳಿಸಿ, ಆ ವೇಷವನ್ನು ಕಳಚಿದ ಬಳಿಕ ಇನ್ನೂ ದೊಡ್ಡ ಹೆಸರಾಗಿ ಉಳಿದ ಕನ್ನಡಿಗನೊಬ್ಬನ ಕಥೆ ಈ ಕೊಡುಕೊಳೆಯಿಂದಲೇ ಹುಟ್ಟಿದ್ದು. ಅವರು ರಾಮಚಂದ್ರ ಗಣೇಶ ಕುಂದಗೋಳಕರ. ಸಂಗೀತಲೋಕಕ್ಕೆ ಅವರು ಸವಾಯಿ ಗಂಧರ್ವ.

ಕುಂದಗೋಳದ ಬಾಲಕ

ರಾಮಚಂದ್ರ ಹುಟ್ಟಿದ್ದು 1886ರ ಜನವರಿ 19ರಂದು, ಹುಬ್ಬಳ್ಳಿಗೆ ಸಮೀಪದ ಅಮರಗೋಳದಲ್ಲಿ. ಮನೆತನದ ಹೆಸರು ಸಂಶಿ. ತಂದೆ ಗಣೇಶರು ಕುಂದಗೋಳದ ನಾಡಗೀರ ದೇಸಾಯರ ವಾಡೆಯಲ್ಲಿ ಕಾರಕೂನರಾಗಿದ್ದರು. ಧಾರವಾಡ ಸೀಮೆಯ ನಡುವೆ ಇದ್ದರೂ ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಬಾಲಕನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಹಾಕಲಾಯಿತು. ಓದು ಹತ್ತಲಿಲ್ಲ, ಹಾಡು ಹತ್ತಿತು. ಬಲವಂತರಾವ ಕೊಲ್ಹಟಕರ ಎಂಬವರು ಅವನಿಗೆ ಧ್ರುಪದ, ತರಾನಾ ಮುಂತಾದ ರಚನೆಗಳನ್ನು ಕಲಿಸಿದರು. ಅವರು ತೀರಿಕೊಂಡ ಮೇಲೆ ಹುಡುಗ ಶಾಲೆಯನ್ನೂ ಬಿಟ್ಟ.

ನಾಡಗೀರರ ವಾಡೆ ಸಂಗೀತಗಾರರ ತಂಗುದಾಣವಾಗಿತ್ತು. ಉತ್ತರದ ಕೈರಾನಾ ಎಂಬ ಊರಿನಿಂದ ಬಂದು ಈ ಕಡೆ ನೆಲೆ ಕಂಡಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರಿನತ್ತ ಹೋಗಿಬರುವಾಗ ಅಲ್ಲಿ ಇಳಿಯುತ್ತಿದ್ದರು. ಆ ಕಂಠವನ್ನು ಕೇಳಿದ ರಾಮಚಂದ್ರ ಅವರ ಹಿಂದೆಯೇ ಹೊರಟ. ಎಂಟು ವರ್ಷ ತಮ್ಮ ಬಳಿಯೇ ಇರಬೇಕೆಂಬ ಷರತ್ತಿನ ಮೇಲೆ ಖಾನ್‌ಸಾಹೇಬರು ಶಿಷ್ಯನನ್ನಾಗಿ ಒಪ್ಪಿದರೆಂದು ಹೇಳಲಾಗುತ್ತದೆ. ಶಿಷ್ಯವೃತ್ತಿಯೆಂದರೆ ಆಗ ಗುರುವಿನ ಮನೆಗೆಲಸ, ಗುರುವಿನೊಡನೆ ಸಂಚಾರ, ನಡುವೆ ಸಿಕ್ಕಷ್ಟು ಪಾಠ. ಕೆಲವೇ ರಾಗಗಳನ್ನು ವರ್ಷಗಟ್ಟಲೆ ತಿದ್ದುವುದು ಆ ಪದ್ಧತಿಯ ಕ್ರಮ.

ರಾಮಚಂದ್ರನಿಗೆ ಸುಲಭವಾಗಿ ಬಾಗುವ ಕಂಠ ದೊರಕಿರಲಿಲ್ಲ. ಗಾಯನ ಆರಂಭವಾಗಿ ಬಹಳ ಹೊತ್ತಾದ ಮೇಲೆಯೇ ಅವರ ದನಿ ತೆರೆದುಕೊಳ್ಳುತ್ತಿತ್ತೆಂದು, ತೆರೆದುಕೊಂಡ ಮೇಲೆ ಸಭೆಯನ್ನು ಅಲುಗಾಡಲು ಬಿಡುತ್ತಿರಲಿಲ್ಲವೆಂದು ಕೇಳಿದವರು ಹೇಳಿದ್ದಾರೆ. ಮುಂದೆ ಲಲನೆಯಾಗಿ ಹಾಡಬೇಕಾದ ಮನುಷ್ಯನಿಗೆ ಇದ್ದದ್ದು ದುಡಿದು ಸಾಧಿಸಿದ ಸಿರಿ. ರಂಗದ ಮೇಲೆ ಅವರು ತೋರಿದ ಹೆಣ್ಣುತನವೂ ಹಾಗೆಯೇ ಸಾಧಿಸಿದ್ದು.

ರಂಗದ ಕರೆ

ಇಪ್ಪತ್ತನೆಯ ಶತಮಾನದ ಆರಂಭದ ಆ ವರ್ಷಗಳಲ್ಲಿ ಮರಾಠಿ ಸಂಗೀತ ನಾಟಕ ಉಚ್ಛ್ರಾಯದಲ್ಲಿತ್ತು. ಅದರ ಬೇರುಗಳಲ್ಲಿ ಕನ್ನಡದ ಮಣ್ಣಿದೆ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯಲ್ಲಿ ಆಡಿದ ಆಟ ಕಂಡು ಪ್ರೇರಿತರಾದ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿಯ ಮೊದಲ ನಾಟಕವನ್ನು ರಂಗಕ್ಕೆ ತಂದರು. 1880ರಲ್ಲಿ ಶಾಕುಂತಲವನ್ನು, 1882ರಲ್ಲಿ ಸೌಭದ್ರವನ್ನು ಆಡಿಸಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಈ ನಾಟಕಗಳಲ್ಲಿ ನಾಯಕಿಯೇ ಹೆಚ್ಚು ಹಾಡುತ್ತಿದ್ದಳು. ನಾಯಕಿಯಾಗುತ್ತಿದ್ದವನು ಗಂಡಸು. ಮಾನವಂತ ಮನೆತನದ ಹೆಣ್ಣು ರಂಗ ಹತ್ತಬಾರದೆಂಬ ಕಟ್ಟಳೆ ಇದ್ದುದರಿಂದ ಕಂಪನಿಗಳು ಸುಂದರವಾದ ಮೊಗ ಮತ್ತು ಮಧುರವಾದ ಕಂಠವುಳ್ಳ ಹುಡುಗರನ್ನು ಹುಡುಕುತ್ತಿದ್ದವು. ಭಾವೂರಾವ ಕೊಲ್ಹಟಕರ ಮೊದಲ ತಲೆಮಾರಿನ ಸ್ತ್ರೀಪಾತ್ರಧಾರಿ; ನಂತರ ಬಾಲಗಂಧರ್ವರು. ಅದೇ ಸಾಲಿಗೆ ಕುಂದಗೋಳದ ರಾಮಭಾವು ಸೇರಿದರು.

ಗುರುವಿಗೆ ಇದು ಒಪ್ಪಿಗೆಯಿರಲಿಲ್ಲ. ಖಯಾಲಿನ ಉಸ್ತಾದರ ಕಣ್ಣಿಗೆ ನಾಟಕದ ರಂಗ ಒಂದು ಮೆಟ್ಟಿಲು ಕೆಳಗೆ. ರಾತ್ರಿಯೆಲ್ಲ ಕೂಗಿ ಹಾಡಿ ಕಂಠ ಕೆಡುವುದೆಂಬ ಅಂಜಿಕೆಯೂ ಇದ್ದೀತು. ಆದರೆ ಶಿಷ್ಯನ ಬದುಕಿಗೆ ಬೇರೆ ಲೆಕ್ಕಗಳಿದ್ದವು. ಅರಮನೆಯ ಆಶ್ರಯ ಎಲ್ಲರಿಗೂ ಸಿಗುತ್ತಿರಲಿಲ್ಲ, ಟಿಕೆಟ್ ಇಟ್ಟು ನಡೆಯುವ ಕಚೇರಿಗಳು ಇನ್ನೂ ಬೆಳೆದಿರಲಿಲ್ಲ. ಹಾಡಿ ಉಣ್ಣಬೇಕೆಂಬ ಯುವಕನಿಗೆ ಕಂಪನಿಯೇ ದಾರಿ. ಗುರುವಿನ ಇಚ್ಛೆಯನ್ನು ಮೀರಿ ಅವರು ನಾಟ್ಯಕಲಾ ಪ್ರವರ್ತಕ ಸಂಗೀತ ನಾಟಕ ಮಂಡಳಿಯನ್ನು ಸೇರಿದರು.

ಸೀರೆಯೊಳಗಿನ ಸಾಧನೆ

ಸ್ತ್ರೀಪಾತ್ರವೆಂದರೆ ಸೀರೆ ಸುತ್ತಿಕೊಳ್ಳುವುದಷ್ಟೇ ಅಲ್ಲ. ಒಂಬತ್ತು ಗಜದ ಸೀರೆಯಲ್ಲಿ ಕಚ್ಚೆ ಹಾಕಿ ನಡೆಯುವಾಗ ಹೆಜ್ಜೆಯ ಅಳತೆ ಬದಲಾಗಬೇಕು. ಸೆರಗು ಹೊದೆಯುವ ಕೈಯಲ್ಲಿ, ಮೂಗುತಿ ಮುಟ್ಟುವ ಬೆರಳಿನಲ್ಲಿ, ಹಿರಿಯರ ಮುಂದೆ ಬಾಗುವ ಕತ್ತಿನಲ್ಲಿ ಮನೆತನ, ವಯಸ್ಸು, ಮನಸ್ಸು ಕಾಣಬೇಕು. ಮೈಕ್ ಇಲ್ಲದ ಕಾಲವಾದ್ದರಿಂದ ದನಿ ಹಿಂದಿನ ಸಾಲಿನವರೆಗೆ ಮುಟ್ಟಬೇಕು, ಆದರೂ ಗಡಸಾಗಬಾರದು. ಕಾಲ್ಪೆಟ್ಟಿಗೆ ಮತ್ತು ತಬಲಾಗಳ ಜತೆಗೆ ಒಂದು ಪದ ಮುಗಿಯುತ್ತಲೇ ಪ್ರೇಕ್ಷಕರು ವನ್ಸ್ ಮೋರ್ ಎಂದು ಕೂಗಿದರೆ ಮತ್ತೆ ಹಾಡಬೇಕು. ಆಟ ಬೆಳಗಿನ ಜಾವದವರೆಗೂ ಸಾಗುವುದಿತ್ತು.

ರಾಮಭಾವು ಅವರಿಗೆ ಹೆಸರು ತಂದ ಪಾತ್ರಗಳಲ್ಲಿ ಮುಖ್ಯವಾದುದು ಸೌಭದ್ರದ ಸುಭದ್ರೆ. ಆ ನಾಟಕದ ಕಥೆಯೇ ವೇಷದ ಕಥೆ. ಅಣ್ಣ ಬಲರಾಮ ದುರ್ಯೋಧನನಿಗೆ ಕೊಡಲು ಹೊರಟ ಸುಭದ್ರೆಯನ್ನು ವರಿಸಲು ಅರ್ಜುನ ಸಂನ್ಯಾಸಿಯ ಕಾವಿ ತೊಟ್ಟು ದ್ವಾರಕೆಗೆ ಬರುತ್ತಾನೆ. ಕಾವಿಯನ್ನು ಕಂಡ ಬಲರಾಮ ಯತಿಯೆಂದು ನಂಬಿ ಮನೆಯೊಳಗೆ ಬಿಟ್ಟುಕೊಳ್ಳುತ್ತಾನೆ. ಹೀಗೆ, ಸಂನ್ಯಾಸಿಯ ವೇಷದ ಪ್ರೇಮಿಯನ್ನು ಹೆಣ್ಣಿನ ವೇಷದ ಗಂಡು ಪ್ರೀತಿಸುವುದನ್ನು ಸಾವಿರಾರು ಜನ ನಿಜವೆಂದೇ ನೋಡಿ ಹಿಗ್ಗಿದರು. ಬಟ್ಟೆಯ ಬಣ್ಣ ನೋಡಿ ಮನುಷ್ಯನನ್ನು ನಿರ್ಧರಿಸುವ ಬಲರಾಮನ ಭೋಳೆತನಕ್ಕೆ ಅವರು ನಕ್ಕರು. ತಾವೂ ಅದನ್ನೇ ಮಾಡುತ್ತಿದ್ದೇವೆಂಬ ಅರಿವು ಆ ನಗೆಯಲ್ಲಿ ಎಷ್ಟಿತ್ತೋ ತಿಳಿಯದು.

ಸವಾಯಿ ಗಂಧರ್ವ ಎಂಬ ಬಿರುದು ಬಂದದ್ದು ರಂಗಭೂಮಿಯಿಂದಲೇ. ಅಮರಾವತಿಯಲ್ಲಿ ಅವರ ಪಾತ್ರವನ್ನು ಕಂಡ ದಾದಾಸಾಹೇಬ ಖಾಪರ್ಡೆಯವರು ಈ ಹೆಸರಿಟ್ಟರೆಂಬುದು ಪ್ರಚಲಿತ ವೃತ್ತಾಂತ. ಸವಾಯಿ ಎಂದರೆ ಒಂದೂಕಾಲು. ಆಗಲೇ ಲೋಕಮಾನ್ಯ ತಿಲಕರಿಂದ ಬಾಲಗಂಧರ್ವ ಎನಿಸಿಕೊಂಡಿದ್ದ ನಾರಾಯಣರಾವ ರಾಜಹಂಸರಿಗಿಂತ ಕಾಲು ಪಾಲು ಹೆಚ್ಚು ಎಂಬ ಹೊಗಳಿಕೆ ಅದರಲ್ಲಿ ಅಡಗಿದೆ. ಇಂದು ಈ ಹೆಸರನ್ನು ಕೇಳುವವರಿಗೆ ಕಿರಾಣಾ ಘರಾಣೆಯ ಗಂಭೀರ ಗಾಯಕ ನೆನಪಾಗುತ್ತಾರೆಯೇ ಹೊರತು, ಆ ಹೆಸರು ಸೀರೆಯುಟ್ಟವನಿಗೆ ಸಂದದ್ದೆಂಬುದು ನೆನಪಾಗುವುದಿಲ್ಲ.

ಇಬ್ಬರು ಗಂಧರ್ವರು

ರಾಮಭಾವು ಅವರ ಬದುಕಿನ ತಿರುವನ್ನು ತಿಳಿಯಲು ಬಾಲಗಂಧರ್ವರ ಬದುಕನ್ನು ಪಕ್ಕಕ್ಕಿಟ್ಟು ನೋಡಬೇಕು. ವಯಸ್ಸಿನಲ್ಲಿ ಬಾಲಗಂಧರ್ವರು 2 ವರ್ಷ ಕಿರಿಯರು, ಹುಟ್ಟಿದ್ದು 1888ರಲ್ಲಿ. 1905ರಲ್ಲಿ ಕಿರ್ಲೋಸ್ಕರ ಕಂಪನಿ ಸೇರಿದ ಅವರು 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಅವರು ಸೀರೆ ಉಡುವ ರೀತಿ, ಮುಡಿಗೆ ಹೂ ಏರಿಸುವ ಬಗೆ, ತೊಡುವ ಒಡವೆ ಇವೆಲ್ಲವನ್ನೂ ಪುಣೆ, ಮುಂಬಯಿಗಳ ಸ್ಥಿತಿವಂತ ಮನೆಗಳ ಹೆಂಗಸರು ಅನುಕರಿಸಿದರು. ಹೆಣ್ಣು ಹೇಗೆ ಕಾಣಬೇಕೆಂಬುದನ್ನು ಹೆಣ್ಣು ಮಕ್ಕಳು ಗಂಡಸೊಬ್ಬನಿಂದ ಕಲಿತ ವಿಚಿತ್ರವಿದು.

ಆದರೆ ಆ ರೂಪವೇ ಅವರನ್ನು ಕಟ್ಟಿಹಾಕಿತು. ಮಾತಿನ ಚಲನಚಿತ್ರ ಬಂದು ಕಂಪನಿಗಳು ಸೊರಗಿದಾಗ, 1935ರಲ್ಲಿ ಪ್ರಭಾತ್ ಸಂಸ್ಥೆಯ ಧರ್ಮಾತ್ಮಾ ಚಿತ್ರದಲ್ಲಿ ಅವರು ಸಂತ ಏಕನಾಥರಾಗಿ ಗಂಡು ವೇಷದಲ್ಲಿ ಕಾಣಿಸಿಕೊಂಡರು. ಪ್ರೇಕ್ಷಕರಿಗೆ ಬೇಕಾಗಿದ್ದ ಬಾಲಗಂಧರ್ವ ಅವರಾಗಿರಲಿಲ್ಲ. ಮತ್ತೆ ಸೀರೆಗೇ ಮರಳಿದ ಅವರು ಮೈ ಸಡಿಲಾದ ಮೇಲೂ ತರುಣಿಯ ಪಾತ್ರ ಬಿಡಲಾರದೆ ಹೋದರು. ಕೊನೆಯ ವರ್ಷಗಳಲ್ಲಿ ಕಾಲುಗಳ ಸ್ವಾಧೀನ ತಪ್ಪಿತು, ಬಡತನ ಕವಿಯಿತು. 1964ರಲ್ಲಿ ಪದ್ಮಭೂಷಣ ಬಂದರೂ 1967ರಲ್ಲಿ ಅವರು ಕಣ್ಣು ಮುಚ್ಚುವಾಗ ವೈಭವದ ಕುರುಹು ಉಳಿದಿರಲಿಲ್ಲ.

ಅವರ ಕೊನೆಗಾಲದ ಸಂಗಾತಿ ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ, ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಸೋದರಿ. ಬಾಲಗಂಧರ್ವರ ಶೈಲಿಯನ್ನೇ ಒಲಿಸಿಕೊಂಡು ಹಾಡುತ್ತಿದ್ದ ಆಕೆ 1938ರಲ್ಲಿ ಅವರ ಕಂಪನಿಯ ರಂಗಕ್ಕೆ ಬಂದರು. ಗಂಡಸು ಹೆಣ್ಣಾದಾಗ ಆರತಿ ಎತ್ತಿದ ಸಮಾಜ, ಆ ಪಾತ್ರಗಳಿಗೆ ಹೆಣ್ಣೇ ಬಂದು ನಿಂತಾಗ ಕುಲ, ಧರ್ಮ, ನಡತೆಗಳ ಲೆಕ್ಕ ಕೇಳಿತು. ಹೆಣ್ಣಿನ ರೂಪಕ್ಕೆ ದೊರೆತ ಮರ್ಯಾದೆ ಹೆಣ್ಣಿಗೆ ದೊರೆಯಲಿಲ್ಲ.

ವೇಷ ಕಳಚಿದ ಮೇಲೆ

ಸವಾಯಿ ಗಂಧರ್ವರು ಹಿಡಿದದ್ದು ಬೇರೆ ದಾರಿ. ಸ್ತ್ರೀಪಾತ್ರದ ಕೀರ್ತಿ ಬೆನ್ನಿಗಿದ್ದರೂ ಅವರು ರಂಗಭೂಮಿಯಿಂದ ದೂರ ಸರಿದು ಖಯಾಲ್ ಗಾಯನದ ಬೈಠಕ್ಕಿಗೆ ಮರಳಿದರು. ಗುರು ಕಲಿಸಿದ ವಿದ್ಯೆ ನಾಟಕದ ಪದಗಳಡಿ ಹೂತುಹೋಗಿರಲಿಲ್ಲ. ಬೈಠಕ್ಕಿನಲ್ಲಿ ಸುಭದ್ರೆಯ ಸೀರೆಯ ಆಸರೆ ಇಲ್ಲ, ಬಣ್ಣವಿಲ್ಲ, ಕಥೆಯೂ ಇಲ್ಲ. ತಂಬೂರಿಯ ಮುಂದೆ ಕೂತ ನಡುವಯಸ್ಸಿನ ಗಂಡಸು, ತೆರೆದುಕೊಳ್ಳಲು ಹೊತ್ತು ಬೇಡುವ ಕಂಠ, ಅಷ್ಟೇ. ಪಾತ್ರದ ಮೂಲಕ ದೊರೆತ ಒಲವನ್ನು ಪಾತ್ರವಿಲ್ಲದೆ ಮತ್ತೆ ಗಳಿಸಬೇಕಾದ ಹೊಣೆ ಅವರ ಮೇಲೆ ಬಿತ್ತು. ಅದನ್ನು ಅವರು ಗಳಿಸಿದರು. ರಂಗದಲ್ಲಿ ಕಲಿತ ಭಾವದ ಒಕ್ಕಣೆ ರಾಗದ ವಿಸ್ತಾರದೊಳಗೆ ಸೇರಿಕೊಂಡು ಅವರ ಗಾಯನಕ್ಕೆ ತನ್ನದೇ ಆದ ಬಿಸುಪು ಕೊಟ್ಟಿತು.

ಅಬ್ದುಲ್ ಕರೀಂ ಖಾನರು 1937ರ ಅಕ್ಟೋಬರ್ 27ರಂದು ಮದ್ರಾಸ್ ಪ್ರಾಂತದ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಒಮ್ಮೆ ಗುರುವಿನ ಇಚ್ಛೆ ಮೀರಿ ಹೋದ ಶಿಷ್ಯನೇ ಆ ಪರಂಪರೆಯ ಮುಖ್ಯ ಕೊಂಡಿಯಾದರು. ಖಾನ್‌ಸಾಹೇಬರ ಮಗಳು ಹೀರಾಬಾಯಿ ಬಡೋದೇಕರ್ ಅಷ್ಟರಲ್ಲಿ ತಾವೇ ನಾಟಕದ ರಂಗ ಹತ್ತಿ, ಬಹಿರಂಗ ಕಚೇರಿಗಳಲ್ಲಿ ಕೂತು ಹಾಡಿ, ಹೆಣ್ಣಿನ ಹಾಡಿಗೆ ಮರ್ಯಾದೆಯ ಸ್ಥಾನ ಗಳಿಸಿಕೊಡುವ ಕೆಲಸದಲ್ಲಿ ತೊಡಗಿದ್ದರು. ಗಂಡಸರ ಸ್ತ್ರೀಪಾತ್ರದ ಯುಗ ಮುಗಿಯುತ್ತಿತ್ತು.

ಕುಂದಗೋಳದ ಪಾಠಶಾಲೆ

1936ರಲ್ಲಿ ಗದಗಿನ ಹುಡುಗನೊಬ್ಬ ಊರೂರು ಅಲೆದು ಕುಂದಗೋಳಕ್ಕೆ ಬಂದ. ಮನೆಗೆ ನೀರು ಹೊತ್ತ, ಹೇಳಿದ ಕೆಲಸ ಮಾಡಿದ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ, ಹೀಗೆ ವರ್ಷಗಟ್ಟಲೆ ಸಾಧನೆ ನಡೆಸಿದ. ಆ ಹುಡುಗ ಮುಂದೆ 2008ರಲ್ಲಿ ಭಾರತರತ್ನಕ್ಕೆ ಪಾತ್ರರಾದ ಪಂಡಿತ ಭೀಮಸೇನ ಜೋಶಿ. ಮುಂಬಯಿಯ ಪಾರ್ಸಿ ಮನೆತನದ ಫಿರೋಜ್ ದಸ್ತೂರ್ ಇನ್ನೊಬ್ಬ ಶಿಷ್ಯರು. ಅವರೂ ಬಾಲ್ಯದಲ್ಲಿ ಚಲನಚಿತ್ರಗಳಲ್ಲಿ ಬಣ್ಣ ಹಚ್ಚಿದವರೇ.

ಈ ಕಥೆಗೆ ಎಲ್ಲಕ್ಕಿಂತ ಹತ್ತಿರದವರು ಗಂಗೂಬಾಯಿ ಹಾನಗಲ್. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಅವರು ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಿ ಬೆಳೆದವರು. ಹಾಡುವ ಹೆಣ್ಣೆಂದರೆ ಹಾದಿಯಲ್ಲಿ ನಿಂತು ಮೂದಲಿಸುವ ಜನರಿದ್ದ ಕಾಲ. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ಸಂಜೆಯ ರೈಲಿಗೆ ಕಾದು ಮರಳುವ ಹೆಣ್ಣು ಮಗಳಿಗೆ ಆ ನೋಟಗಳು ಹೊಸವಲ್ಲ. ಆರಂಭದಲ್ಲಿ ಅವರ ದನಿ ತೆಳುವಾಗಿ, ಇಂಪಾಗಿತ್ತು. ಗಂಟಲಿನ ತೊಂದರೆ ಮತ್ತು ಚಿಕಿತ್ಸೆಯ ಬಳಿಕ ಅದು ಇಳಿದು, ಗಡುಸಾಗಿ, ಗಂಡು ದನಿಯಂತಾಯಿತು. ಧ್ವನಿಮುದ್ರಿಕೆಯನ್ನಷ್ಟೇ ಕೇಳಿದವರು ಗಾಯಕ ಗಂಡಸೆಂದೇ ತಿಳಿಯುವುದಿತ್ತು.

ಬೇರೊಬ್ಬ ಗಾಯಕಿಯ ವೃತ್ತಿಯೇ ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಗಂಗೂಬಾಯಿ ಪಾಠಕ್ಕೆ ಕೂತದ್ದು ಗಂಡಿನ ಮೈಯಿಂದ ಹೆಣ್ಣಿನ ಭಾವವನ್ನು ಹಾಡಿ ಜಯಿಸಿದ ಗುರುವಿನ ಎದುರು. ಮೈ ಒಂದು, ದನಿ ಇನ್ನೊಂದು ಎಂಬ ಸ್ಥಿತಿಯನ್ನು ಅವರಿಗಿಂತ ಚೆನ್ನಾಗಿ ಅರಿತವರು ಯಾರು? ಹೆಣ್ಣಿನ ದನಿ ಹೀಗೆಯೇ ಇರಬೇಕೆಂದು ಸಾಧಿಸಿ ತೋರಿದ ಮನುಷ್ಯನ ಶಿಷ್ಯೆ, ಹಾಗೆಯೇ ಇರಬೇಕಾಗಿಲ್ಲವೆಂದು ಜೀವನವಿಡೀ ಹಾಡಿ ತೋರಿದರು. ಸೀರೆಯುಟ್ಟು, ಹಣೆಗೆ ಕುಂಕುಮವಿಟ್ಟು, ಮೂಗುತಿ ತೊಟ್ಟು ಕೂತ ಆ ಸಣ್ಣ ಮೈಯಿಂದ ಹೊರಟ ದನಿ ಕಣ್ಣಿನ ಎಣಿಕೆಯನ್ನು ತಲೆಕೆಳಗು ಮಾಡುತ್ತಿತ್ತು. 2002ರಲ್ಲಿ ಪದ್ಮವಿಭೂಷಣ ಪಡೆದ ಅವರು 2009ರ ಜುಲೈ 21ರಂದು ನಿಧನರಾದರು.

ಕೊನೆಯ ದಿನಗಳು

ನಲವತ್ತರ ದಶಕದ ಆರಂಭದಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಬಡಿಯಿತು. ಕಚೇರಿಗಳು ನಿಂತವು. ಒಂದು ಕಾಲಕ್ಕೆ ಸೆರಗಿನ ಒಂದೇ ಸುಳಿವಿನಿಂದ ಸಭೆಯನ್ನು ಹಿಡಿದಿಟ್ಟ ಮೈ ಈಗ ಮಾತು ಕೇಳದಾಯಿತು. ರೂಪವೂ ಹೋಯಿತು, ದನಿಯೂ ಹೋಯಿತು. ಆದರೆ ಅಷ್ಟರಲ್ಲಿ ಅವರು ಹಾಡು ಶಿಷ್ಯರ ಕಂಠಗಳಲ್ಲಿ ನೆಲೆಯೂರಿತ್ತು. 1946ರಲ್ಲಿ ಗುರುವಿನ ಅರವತ್ತರ ಸಮಾರಂಭದಲ್ಲಿ ಭೀಮಸೇನರು ಹಾಡಿದ ಕಚೇರಿ ಆ ತರುಣನಿಗೆ ದೊಡ್ಡ ಹೆಸರು ತಂದಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಸವಾಯಿ ಗಂಧರ್ವರು ಕೊನೆಯುಸಿರೆಳೆದರು.

ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಅವರ ನೆನಪಿಗೆ ಆರಂಭವಾದ ಸಂಗೀತೋತ್ಸವ ದೇಶದ ಹಿರಿಯ ಉತ್ಸವಗಳಲ್ಲೊಂದಾಗಿ ಬೆಳೆಯಿತು. ಭೀಮಸೇನರು 2011ರಲ್ಲಿ ತೀರಿಕೊಂಡ ಮೇಲೆ ಗುರುವಿನ ಹೆಸರಿನ ಜತೆ ಶಿಷ್ಯನ ಹೆಸರೂ ಅದಕ್ಕೆ ಸೇರಿತು. ಹುಬ್ಬಳ್ಳಿಯ ಸಭಾಭವನವೊಂದು ಅವರ ಹೆಸರು ಹೊತ್ತಿದೆ. ಅವರನ್ನು ನೆನೆಯುವ ಭಾಷಣಗಳಲ್ಲಿ ಕಿರಾಣಾ ಘರಾಣೆಯ ಮಾತು ಬರುತ್ತದೆ, ಶಿಷ್ಯರ ಪ್ರಶಸ್ತಿಗಳ ಪಟ್ಟಿ ಬರುತ್ತದೆ. ಸುಭದ್ರೆಯ ಪ್ರಸ್ತಾಪ ಬಂದರೆ ಒಂದು ವಾಕ್ಯದಲ್ಲಿ ಮುಗಿಯುತ್ತದೆ, ಎಳೆತನದ ಒಂದು ಅಡ್ಡದಾರಿಯೆಂಬಂತೆ. ಹೆಸರನ್ನು ಉಳಿಸಿಕೊಂಡು ಅದನ್ನು ತಂದುಕೊಟ್ಟ ಸೀರೆಯನ್ನು ಮಡಚಿಟ್ಟ ಮುಜುಗರ ಇದು.

ಆ ಮುಜುಗರಕ್ಕೆ ಕಾರಣವಿಲ್ಲ. ಸೀರೆ ಅವರನ್ನು ಕಿರಿದು ಮಾಡಲಿಲ್ಲ, ಅದನ್ನು ಕಳಚಿದಾಗ ಅವರು ಬರಿದಾಗಲೂ ಇಲ್ಲ. ಬಾಲಗಂಧರ್ವರಿಗೆ ವೇಷ ಮೈಯಾಯಿತು. ಸವಾಯಿ ಗಂಧರ್ವರಿಗೆ ಅದು ದಾಟಿ ಬಂದ ಹೊಳೆಯಾಯಿತು. ಇಬ್ಬರಲ್ಲಿ ಯಾರು ಹೆಚ್ಚು ಎಂಬ ತೂಕ ಬೇಡ. ಇಬ್ಬರ ಬದುಕಿನಲ್ಲಿಯೂ ಬದಲಾಗಲು ಒಲ್ಲದೆ ನಿಂತದ್ದು ಒಂದೇ, ಅದು ನೋಡುವವರ ಕಣ್ಣು.

ಭೀಮೆಯ ದಂಡೆಯ ಹಳ್ಳಿಗಳಲ್ಲಿ ಸ್ತ್ರೀಪಾತ್ರ ಮಾಡಿದ ಹಿರಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರಿಗೆ ಗಂಧರ್ವರೆಂಬ ಬಿರುದು ಬರಲಿಲ್ಲ, ಅವರ ಹೆಸರಿನ ಉತ್ಸವವೂ ನಡೆಯುವುದಿಲ್ಲ. ಮೊಮ್ಮಕ್ಕಳ ಮುಂದೆ ಆ ಪಾತ್ರದ ಮಾತೆತ್ತಲು ಕೆಲವರು ನಾಚುವುದೂ ಇದೆ. ಅವರಲ್ಲೊಬ್ಬರನ್ನು ಕಂಡಾಗ, ಅಜ್ಜಾ, ಒಂದು ಪದ ಹಾಡಿರಿ ಎಂದು ಕೇಳಿದರೆ ಸಾಕು. ರಾತ್ರಿಯ ಕಣ್ಣೀರಿನ ಋಣ ಅಷ್ಟಾದರೂ ತೀರೀತು.